ಪದ ಪರಿಚಯ: ಸಾರವರ್ಧಿತ
ರೇಷನ್ ಅಂಗಡಿಯ ‘ಸಾರವರ್ಧಿತ ಅಕ್ಕಿ’ಯಿಂದ ಮನೆಮನೆಗೆ ಬಂದ ಪದ. ಸಂಸ್ಕೃತದ ‘ಸಾರ’ ಎಂದರೆ ತಿರುಳು, ಸತ್ವ; ‘ವೃಧ್’ ಧಾತುವಿನಿಂದ ಬಂದ ‘ವರ್ಧಿತ’ ಎಂದರೆ ಹೆಚ್ಚಿಸಿದ್ದು. (ಊಟದ ‘ಸಾರು’ ಈ ಮನೆಯದಲ್ಲ, ಅದು ಹಳಗನ್ನಡದ ‘ಸಾಱು’, ತಮಿಳಿನ ‘ಚಾಱು’ವಿನ ದಾಯಾದಿ.) ಇದಕ್ಕೆ ಸಂವಾದಿಯಾದ ಇಂಗ್ಲಿಷಿನ ‘ಫೋರ್ಟಿಫೈ’ ಹುಟ್ಟಿದ್ದು ಬಲಶಾಲಿ ಎಂಬರ್ಥದ ಲ್ಯಾಟಿನ್ ‘ಫೋರ್ಟಿಸ್’ನಿಂದ, ಕೋಟೆಯ ‘ಫೋರ್ಟ್’ ಕೂಡ ಅದರದೇ ಕುಡಿ. ಕನ್ನಡ ಕೋಟೆ ಬಿಟ್ಟು ತಿರುಳು ಹಿಡಿಯಿತು, ನನಗೆ ಇದೇ ರುಚಿ.

ಅಕ್ಕಿಗೆ ಸಾರ ಸೇರುವುದು ಗಿರಣಿಯಲ್ಲಿ. ಬೀಜದಲ್ಲೇ ಸಾರ ಹೆಚ್ಚಿಸಿದ ತಳಿ ‘ಜೈವಿಕ ಸಾರವರ್ಧಿತ’. 2014ರಲ್ಲಿ ರಾಷ್ಟ್ರಮಟ್ಟದಲ್ಲಿ ಬಿಡುಗಡೆಯಾದ, ಕಬ್ಬಿಣಾಂಶ ಹೆಚ್ಚಿರುವ ‘ಧನಶಕ್ತಿ’ ಸಜ್ಜೆ ಅಂಥದ್ದು. ಹೈಬ್ರಿಡ್ ಅಲ್ಲವಾದ್ದರಿಂದ ಒಕ್ಕಲು ಮನೆಯವರು ಮುಂದಿನ ಮುಂಗಾರಿಗೆ ಬೀಜ ಎತ್ತಿಟ್ಟು, ಉಳಿದದ್ದಕ್ಕೆ ಎಳ್ಳು ಹಚ್ಚಿ ರೊಟ್ಟಿ ಬಡಿಯಬಹುದು.