ನೊಣಗಳು ನುಡಿದ ಸಾಕ್ಷಿ

ರಸ್ತೆಯ ಬದಿಯಲ್ಲಿ ಒಬ್ಬ ಕೊಲೆಯಾಗಿ ಬಿದ್ದಿದ್ದ. ದರೋಡೆಕೋರರ ಕೃತ್ಯ ಎಂಬುದು ಎಲ್ಲರ ಮೊದಲ ಗುಮಾನಿ. ಆದರೆ ಅವನ ಬಟ್ಟೆಬರೆ, ಸಾಮಾನು ಯಾವುದೂ ಕಳುವಾಗಿರಲಿಲ್ಲ. ಮೈಮೇಲೆ ಕುಡುಗೋಲಿನ ಹತ್ತಕ್ಕೂ ಹೆಚ್ಚು ಗಾಯಗಳಿದ್ದವು. ಹಣಕ್ಕಾಗಿ ಬಂದವನು ಹೀಗೆ ಕೊಚ್ಚುವುದಿಲ್ಲ, ಇದರ ಹಿಂದೆ ಹಗೆ ಇದೆ ಎಂದು ತನಿಖಾಧಿಕಾರಿ ಊಹಿಸಿದ. ಸಾಲ ಕೇಳಲು ಬಂದ ಒಬ್ಬ ಬರಿಗೈಲಿ ಹಿಂದಿರುಗಿದ್ದ ಸಂಗತಿ ಮೃತನ ಹೆಂಡತಿಯಿಂದ ತಿಳಿಯಿತು.

ಸುತ್ತಲಿನ ಮನೆಗಳವರೆಲ್ಲ ತಮ್ಮ ಕುಡುಗೋಲುಗಳನ್ನು ತಂದೊಪ್ಪಿಸಬೇಕೆಂದು ಆಜ್ಞೆಯಾಯಿತು. ಎಪ್ಪತ್ತು ಎಂಬತ್ತು ಕುಡುಗೋಲುಗಳನ್ನು ನೆಲದ ಮೇಲೆ ಹರಡಿಡಲಾಯಿತು. ಬಿಸಿಲ ಕಾಲ. ಸ್ವಲ್ಪ ಹೊತ್ತಿನಲ್ಲಿ ನೊಣಗಳು ಬಂದು ಒಂದೇ ಒಂದು ಕುಡುಗೋಲನ್ನು ಮುತ್ತಿಕೊಂಡವು. ಅದು ಸಾಲ ಕೇಳಿ ಹೋದವನದೇ ಆಗಿತ್ತು. ಮೊದಲು ಒಪ್ಪದ ಆತ, ಉಳಿದವರ ಕುಡುಗೋಲಿಗೆ ನೊಣವೇಕೆ ಕೂರಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ನೆಲಕ್ಕೆ ಹಣೆ ಹಚ್ಚಿದ. ಕಣ್ಣಿಗೆ ಕಾಣದ ರಕ್ತದ ವಾಸನೆ ನೊಣಕ್ಕೆ ಸಿಕ್ಕಿತ್ತು.

ಈ ಪ್ರಸಂಗ ದಾಖಲಾಗಿರುವುದು 1247ರಲ್ಲಿ ಚೀನಾದಲ್ಲಿ ಹೊರಬಂದ 'ಷಿ ಯುವಾನ್ ಜಿ ಲು' ಎಂಬ ಗ್ರಂಥದಲ್ಲಿ. ಅನ್ಯಾಯವನ್ನು ತೊಳೆಯುವ ಬಗೆಯ ಸಂಗ್ರಹ ಎಂಬುದು ಈ ಹೆಸರಿನ ಸ್ಥೂಲ ಅರ್ಥ. ಬರೆದವನು ಸೊಂಗ್ ತ್ಸು. 1186ರಲ್ಲಿ ಫುಜಿಯಾನ್ ಪ್ರಾಂತ್ಯದಲ್ಲಿ ಹುಟ್ಟಿದ ಈತ ವೈದ್ಯನಲ್ಲ, ನ್ಯಾಯಾಧಿಕಾರಿ. ಶವ ಪರೀಕ್ಷೆಯನ್ನು ಕುರಿತು ಇಂದು ಉಳಿದುಬಂದಿರುವ ಅತ್ಯಂತ ಹಳೆಯ ಕೈಪಿಡಿಗಳಲ್ಲಿ ಈ ಗ್ರಂಥಕ್ಕೆ ಅಗ್ರಸ್ಥಾನವಿದೆ.

ಬಾಯಿಗಿಂತ ಮೊದಲು ದೇಹ

ಇಂಥ ಪುಸ್ತಕದ ಅಗತ್ಯವೇನಿತ್ತು? ಅಂದಿನ ಚೀನಾದಲ್ಲಿ ಆರೋಪಿಯ ತಪ್ಪೊಪ್ಪಿಗೆಗೆ ಬಹಳ ಬೆಲೆಯಿತ್ತು. ಅದನ್ನು ಪಡೆಯಲು ಹೊಡೆಯುವುದಕ್ಕೂ ಕಾನೂನಿನ ಸಮ್ಮತಿಯಿತ್ತು. ಹೀಗಿರುವಾಗ ಮೊದಲ ಪರಿಶೀಲನೆಯಲ್ಲೇ ತಪ್ಪಾದರೆ ನಿರಪರಾಧಿಯ ತಲೆ ಹೋಗುತ್ತಿತ್ತು. ಆದ್ದರಿಂದ ಬಾಯಿ ಬಿಡಿಸುವ ಮುನ್ನ ದೇಹವನ್ನು ಕೇಳಿ ಎಂಬುದೇ ಸೊಂಗ್ ತ್ಸುವಿನ ಒಟ್ಟು ಉಪದೇಶ.

ಶವವನ್ನು ಮುಟ್ಟಿ ತೊಳೆಯುವ ಕೆಲಸ ಸಮಾಜದ ಕೆಳಸ್ತರದ ಸಹಾಯಕರದಾಗಿತ್ತು. ಅಧಿಕಾರಿಗಳು ದುರ್ವಾಸನೆಗೆ ಹೇಸಿ ದೂರ ಕೂತು, ಅವರು ಹೇಳಿದ್ದನ್ನು ಬರೆದುಕೊಳ್ಳುವ ರೂಢಿಯಿತ್ತು. ಇದು ಸಲ್ಲದು, ಅಧಿಕಾರಿಯೇ ಹತ್ತಿರ ನಿಂತು ನೋಡಬೇಕು ಎಂದು ಗ್ರಂಥ ಕಟ್ಟುನಿಟ್ಟಾಗಿ ವಿಧಿಸುತ್ತದೆ. ಕೂದಲ ನಡುವೆ ನೆತ್ತಿಗೆ ಮೊಳೆ ಹೊಡೆದಿರಬಹುದು, ಅದನ್ನೂ ಹುಡುಕಬೇಕು.

ಸತ್ತ ಜಾಗವೂ ಮಾತಾಡುತ್ತದೆ. ನೇಣು ಬಿಗಿದ ತೊಲೆಯ ಮೇಲಿನ ಧೂಳನ್ನು ನೋಡಬೇಕು. ತಾನೇ ನೇಣು ಹಾಕಿಕೊಂಡವನು ಒದ್ದಾಡುವುದರಿಂದ ಧೂಳು ಕದಡಿರುತ್ತದೆ. ಹಗ್ಗದ ಒಂದೇ ಗೆರೆ ಮೂಡಿದ್ದರೆ, ಬೇರೆಯವರು ಹೆಣವನ್ನು ತೂಗುಹಾಕಿರಬಹುದೆಂದು ಸಂಶಯಿಸಬೇಕು.

ಬೆಂಕಿಯಲ್ಲಿ ಸತ್ತವನ ಬಾಯಿ, ಮೂಗಿನಲ್ಲಿ ಬೂದಿ ಇರುತ್ತದೆ. ಕೊಂದ ನಂತರ ಸುಟ್ಟಿದ್ದರೆ ಇರುವುದಿಲ್ಲ. ಉಸಿರಾಡುವವನು ಮಾತ್ರ ಹೊಗೆ ಬೂದಿಯನ್ನು ಒಳಗೆಳೆದುಕೊಳ್ಳಬಲ್ಲ. ಈ ತಿಳಿವಳಿಕೆ ಇನ್ನೂ ಹಳೆಯದು. ಮೂರನೆಯ ಶತಮಾನದ ಅಧಿಕಾರಿ ಝಾಂಗ್ ಜು, ಗಂಡ ಬೆಂಕಿಯಲ್ಲಿ ಸತ್ತನೆಂದು ಹೇಳಿದ ಹೆಂಗಸಿನ ಎದುರು ಎರಡು ಹಂದಿಗಳನ್ನು ಸುಡಿಸಿದನಂತೆ, ಒಂದನ್ನು ಜೀವಂತವಾಗಿ, ಇನ್ನೊಂದನ್ನು ಕೊಂದು. ಜೀವಂತ ಸುಟ್ಟ ಹಂದಿಯ ಬಾಯಲ್ಲಿ ಮಾತ್ರ ಬೂದಿಯಿತ್ತು. ಗಂಡನ ಬಾಯಲ್ಲಿ ಇರಲಿಲ್ಲ.

ನಾಲ್ಕು ಜನರ ಎದುರು

ಕಂಡದ್ದನ್ನು ಗುಟ್ಟಾಗಿ ಬರೆದಿಡುವಂತಿರಲಿಲ್ಲ. 1174ರಲ್ಲಿ ಬಂದ ನಮೂನೆಯ ಒಂದು ಪ್ರತಿ ಮೃತನ ಮನೆಯವರಿಗೂ ಸಲ್ಲುತ್ತಿತ್ತು. 1211ರಿಂದ ಮನುಷ್ಯ ದೇಹದ ಮುಂಭಾಗ, ಹಿಂಭಾಗದ ಚಿತ್ರಗಳು ಬಳಕೆಗೆ ಬಂದವು. ಗಾಯವಿದ್ದಲ್ಲಿ ಕೆಂಪು ಗುರುತು ಹಾಕಿ, ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿ, ತಕರಾರಿಲ್ಲವೆಂದ ಮೇಲೆ ಸಹಿ ಪಡೆಯಬೇಕಿತ್ತು.

ಗ್ರಂಥದಲ್ಲಿ ದೋಷಗಳೂ ಇವೆ. ಹೆಣವನ್ನು ಕೊಯ್ದು ನೋಡುವ ಪದ್ಧತಿ ಇಲ್ಲದ್ದರಿಂದ ಒಳ ಅಂಗಗಳ ಪರೀಕ್ಷೆ ಇಲ್ಲ. ವರ್ಷದ ದಿನಗಳಂತೆ ಮನುಷ್ಯನಿಗೂ 365 ಮೂಳೆಗಳು ಎನ್ನುತ್ತದೆ. ವಯಸ್ಕರಲ್ಲಿರುವುದು ಸಾಮಾನ್ಯವಾಗಿ 206. ಮಗನ ರಕ್ತ ತಂದೆಯ ಮೂಳೆಯೊಳಗೆ ಇಂಗುತ್ತದೆ, ಪರರದು ಇಂಗುವುದಿಲ್ಲ ಎಂಬ ನಂಬಿಕೆಯನ್ನೂ ಪರೀಕ್ಷೆಯೆಂದೇ ಕೊಟ್ಟಿದೆ. ಅನ್ಯಾಯ ತೊಳೆಯಲು ಹೊರಟ ಗ್ರಂಥದಿಂದಲೇ ಯಾರೋ ಮಗನ ಹಕ್ಕು ತಪ್ಪಿರಲೂಬಹುದು.

ಸೊಂಗ್ ತ್ಸು 1249ರಲ್ಲಿ ತೀರಿಕೊಂಡ. ಪುಸ್ತಕ ಮಾತ್ರ ತಿದ್ದುಪಡಿಗಳೊಂದಿಗೆ ಆರು ಶತಮಾನ ದಾಟಿ ಬಂತು. 1873ರಲ್ಲಿ ನಿಂಗ್ಬೋ ಪಟ್ಟಣದಲ್ಲಿದ್ದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ಜೈಲ್ಸ್, ಶವ ಪರಿಶೀಲನೆಗೆ ಹೊರಟವರು ಇದರ ಪ್ರತಿಯನ್ನು ಜೊತೆಗೊಯ್ಯುವುದನ್ನು ಗಮನಿಸಿದ. ಆತನ ಇಂಗ್ಲಿಷ್ ಅನುವಾದ 1924ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಮೂಲಕ ಪ್ರಕಟವಾಯಿತು.

ಹೆಣದ ಮೇಲೆ ನೊಣವಿಟ್ಟ ಮೊಟ್ಟೆ, ಹುಳುಗಳ ವಯಸ್ಸಿನಿಂದ ಸಾವಿನ ವೇಳೆಯನ್ನು ಅಂದಾಜು ಮಾಡುವ ವಿಜ್ಞಾನ ಇಂದು ಬೆಳೆದಿದೆ. ಮೂಳೆಯ ಮೇಲೆ ರಕ್ತ ಹನಿಸುವ ಬದಲು ಡಿಎನ್‌ಎ ಪರೀಕ್ಷೆ ಬಂದಿದೆ. ಉಪಕರಣ ಯಾವುದಿದ್ದರೂ, ವಾಸನೆಗೆ ಹೇಸದೆ ಹೆಣದ ಹತ್ತಿರ ಹೋಗಿ ನಿಲ್ಲುವವನೊಬ್ಬ ಬೇಕೇ ಬೇಕು. ಸತ್ತವನ ಪರವಾಗಿ, ಸುಳ್ಳು ಆರೋಪಕ್ಕೆ ಸಿಲುಕಿದವನ ಪರವಾಗಿ ಮೊದಲ ಸಾಕ್ಷ್ಯ ಸಿಗುವುದು ಅಲ್ಲಿಯೇ.