ಕಿರುತೆರೆಯ ಕೋವಿಗೆ ಬೇಕಾದ ಚರಿತ್ರೆ

1990ರಲ್ಲಿ ದೂರದರ್ಶನದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಶುರುವಾದಾಗ ಎಲ್ಲರ ಕಣ್ಣು ಶೀರ್ಷಿಕೆಯಲ್ಲಿದ್ದ ಕತ್ತಿಯ ಮೇಲೆ. ಆದರೆ ಟಿಪ್ಪುವಿನ ಕಾಲದ ಯುದ್ಧಗಳನ್ನು ತೀರ್ಮಾನಿಸಿದ್ದು ಮುಖ್ಯವಾಗಿ ಮದ್ದು: ಫಿರಂಗಿ, ರಾಕೆಟ್, ಬಂದೂಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಲೆಕ್ಕ ಹಾಕಿದ ಫಿರಂಗಿಗಳೇ 929. ಐತಿಹಾಸಿಕ ಧಾರಾವಾಹಿ ತೆಗೆಯುವವರು ಪೇಟ, ಪಲ್ಲಕ್ಕಿ, ಆಭರಣಗಳ ಬಗ್ಗೆ ಪಡುವಷ್ಟು ಶ್ರಮವನ್ನು ಕೋವಿಯ ಬಗ್ಗೆ ಪಡುವುದು ಅಪರೂಪ. ಕನ್ನಡ ನಾಡಿನ ಮಟ್ಟಿಗೆ ಇದು ಸಣ್ಣ ಲೋಪವಲ್ಲ, ಯಾಕೆಂದರೆ ಮೈಸೂರು ಕೋವಿಗಳನ್ನು ಹೊರಗಿನಿಂದ ತರಿಸಿಕೊಂಡದ್ದು ಮಾತ್ರವಲ್ಲ, ತಾನೇ ತಯಾರಿಸಿತು ಕೂಡ.

ಆ ಕೋವಿಗಳ ಅಂದವೇ ಬೇರೆ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕುದುರೆಯನ್ನು ಹುಲಿಯ ಆಕಾರದಲ್ಲಿ ಕಡೆದದ್ದುಂಟು. ನಳಿಗೆಯ ಮೇಲೆ ಹುಲಿಪಟ್ಟೆ, ಪರ್ಷಿಯನ್ ಬರಹ, ಟಿಪ್ಪು ತಾನೇ ಜಾರಿಗೆ ತಂದ ಕಾಲಗಣನೆಯ ವರ್ಷ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಇಂಥ ಒಂದು ಬೇಟೆಕೋವಿ 7 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. ನಮ್ಮ ಕಮ್ಮಾರರು, ಬಡಗಿಗಳು, ಕುಸುರಿಗಾರರು ಕೂಡಿ ಮಾಡಿದ ವಸ್ತುವನ್ನು ನಮ್ಮ ಮಕ್ಕಳು ನೋಡಬೇಕಾದರೆ ಹೆಚ್ಚಾಗಿ ಸಮುದ್ರ ದಾಟಬೇಕು, ಇಲ್ಲವೇ ತೆರೆಯ ಮೇಲೆ ನೋಡಬೇಕು. ಆದ್ದರಿಂದಲೇ ತೆರೆಯ ಮೇಲಿನ ನಕಲು ಸರಿಯಾಗಿರಬೇಕು.

ಸರಿ ಎಂದರೆ ಆಕಾರ ಒಂದೇ ಅಲ್ಲ, ನಡೆಯೂ ಹೌದು. ಚಕಮಕಿ ಕೋವಿಯಲ್ಲಿ ಮೊದಲು ಕಿಡಿ. ಆಮೇಲೆ ನಳಿಗೆಯ ಕಿವಿಯ, ಅಂದರೆ ಬೆಂಕಿ ಒಳಹೋಗುವ ಕಿಂಡಿಯ, ಬಳಿಯ ಪುಟ್ಟ ಬಟ್ಟಲಿನ ಮದ್ದು ಭುಗಿಲೆನ್ನುತ್ತದೆ. ಅರೆಕ್ಷಣದ ಮೇಲೆ ನಳಿಗೆ ಗುಡುಗುತ್ತದೆ. ಸುತ್ತಲೂ ದಟ್ಟ ಬಿಳಿ ಹೊಗೆ. ನುರಿತ ಸಿಪಾಯಿ ಕೂಡ ನಿಮಿಷಕ್ಕೆ ಎರಡು ಮೂರು ಗುಂಡಿಗಿಂತ ಹೆಚ್ಚು ಹಾರಿಸಲಾರ: ಮದ್ದು ಸುರಿಯಬೇಕು, ಗುಂಡು ಇಳಿಸಬೇಕು, ಗಜದಿಂದ ಜಡಿಯಬೇಕು. ಮಳೆಯಲ್ಲಿ ಮದ್ದು ನೆನೆದರೆ ಕೋವಿ ದೊಣ್ಣೆಗೆ ಸಮ. ಸಾಲುಸಾಲಾಗಿ ನಿಂತು ಒಟ್ಟಿಗೆ ಹಾರಿಸುವ ಕವಾಯತು ಹುಟ್ಟಿದ್ದಕ್ಕೆ ಈ ನಿಧಾನವೂ ಒಂದು ಕಾರಣ. ಚಕಮಕಿಯ ಜಾಗಕ್ಕೆ ಮುಂದೆ ಬಂದ ಕೇಪಿನ ಕೋವಿಯ ಮೂಲ ತಂತ್ರಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪೇಟೆಂಟ್ ಪಡೆದದ್ದು 1807ರಲ್ಲಿ, ಟಿಪ್ಪು ತೀರಿ ಎಂಟು ವರ್ಷದ ಮೇಲೆ. ಮಲೆನಾಡಿನ ಮನೆಗಳಲ್ಲಿ ಕಾಣುವ ಕೇಪಿನ ಕೋವಿಯನ್ನೇ ಹದಿನೆಂಟನೆಯ ಶತಮಾನದ ಸಿಪಾಯಿಯ ಕೈಗೆ ಕೊಟ್ಟರೆ ಅದು ಚರಿತ್ರೆಗೆ ಮಾಡಿದ ಅನ್ಯಾಯ.

ಕಾಲ ಒಂದೇ ಆದರೂ ಜಾಗ ಬದಲಾದರೆ ಕೋವಿ ಬದಲಾಗುತ್ತದೆ ಎಂಬುದಕ್ಕೆ 1783ಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆ ವರ್ಷ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಅವನ ಕವಾಯತು ಪಡೆಯಲ್ಲಿ ಚಕಮಕಿ ಬಂದೂಕುಗಳಿದ್ದವು. ಅದೇ ವರ್ಷ ಅರಬ್ಬೀ ಸಮುದ್ರದಾಚೆ ಅಲ್ ಖಲೀಫಾ ಮನೆತನ ಬಹರೈನನ್ನು ಗೆದ್ದಿತು. ಬಹರೈನಿನ ಮುಹರ್ರಕ್ ದ್ವೀಪದ ಆ ಕಾಲದ ಕಥೆಯನ್ನು ಯಾರಾದರೂ ಧಾರಾವಾಹಿ ಮಾಡಿದರೆ ಯೋಧರ ಕೈಯಲ್ಲಿ ಹೊಗೆಯಾಡುವ ಬತ್ತಿಯ ಕೋವಿ ಇರಬೇಕು. ಕೊಲ್ಲಿಯ ಅರಬರಲ್ಲಿ ಅದು ಮುಂದೆ ಬಹುಕಾಲ ಬಳಕೆಯಲ್ಲಿತ್ತು. ಹೊಸ ರೈಫಲುಗಳು ಆ ತೀರಕ್ಕೆ ನುಗ್ಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಆ ವ್ಯಾಪಾರ ತಡೆಯಲು 1898ರಲ್ಲಿ ಬ್ರಿಟಿಷರು ಬಹರೈನಿನ ಶೇಖ್ ಈಸಾ ಜೊತೆ ಒಪ್ಪಂದ ಮಾಡಿಕೊಂಡರು. ಈ ಎರಡು ತೀರಗಳು ಒಂದಕ್ಕೊಂದು ಅಪರಿಚಿತವೂ ಅಲ್ಲ. ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯಿತ್ತು. 1786ರಲ್ಲಿ ಕುಮಟೆಯ ಬಳಿಯ ತದಡಿಯಿಂದ ಹೊರಟ ಟಿಪ್ಪುವಿನ ರಾಯಭಾರಿಗಳು ಮಸ್ಕತ್ತಿನ ಮೂಲಕ ಕೊಲ್ಲಿಯುದ್ದಕ್ಕೂ ಸಾಗಿ ಬಸ್ರಾ ಸೇರಿ, ಇಸ್ತಾಂಬುಲ್‌ವರೆಗೆ ಹೋದರು.

ಮತ್ತೆ ಟಿಪ್ಪುವಿನ ಧಾರಾವಾಹಿಗೆ ಬರೋಣ. ಅದರ ಚಿತ್ರೀಕರಣ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ನಡೆಯುತ್ತಿತ್ತು. 1989ರ ಫೆಬ್ರವರಿ 8ರಂದು ಅಲ್ಲಿ ಹೊತ್ತಿದ ಬೆಂಕಿ 62 ಜೀವಗಳನ್ನು ತೆಗೆದುಕೊಂಡಿತು. ಟಿಪ್ಪುವಿನ ಪಾತ್ರ ಮಾಡುತ್ತಿದ್ದ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಗೋಣಿ ಹೊದಿಸಿದ ಗೋಡೆ, ದೊಡ್ಡ ದೀಪಗಳ ಕಾವು, ಸಾಲದ ಗಾಳಿ: ಬೆಂಕಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಸತ್ತವರಲ್ಲಿ ಹೆಚ್ಚಿನವರ ಹೆಸರು ಯಾವ ಪ್ರೇಕ್ಷಕನಿಗೂ ಗೊತ್ತಿಲ್ಲ. ಹಳೆಯ ಯುದ್ಧವನ್ನು ತೆರೆಗೆ ತರುವವರು ಕೋವಿಯ ಅಂದಕ್ಕಿಂತ ಮೊದಲು ಈ ದಿನವನ್ನು ನೆನೆಯಬೇಕು. ಗುಂಡಿಲ್ಲದ ಕೋವಿಯಿಂದಲೂ ಉರಿ, ಕಿಡಿ ಹಾರುತ್ತವೆ. ಚಕಮಕಿಯ ಬಟ್ಟಲು ನಟನ ಕಣ್ಣಿಗೆ ಒಂದು ಗೇಣಿನಷ್ಟೇ ದೂರ.

ಸುರಕ್ಷಿತ ದಾರಿ ಇಲ್ಲದೇನಿಲ್ಲ. ಭಾರತದಲ್ಲೇ ತಯಾರಾಗುವ ಹಳೆಯ ಮಾದರಿಯ ಬಂದೂಕುಗಳು ಯುರೋಪು, ಅಮೆರಿಕಗಳಲ್ಲಿ ಯುದ್ಧದ ಮರುನಟನೆ ಮಾಡುವವರಿಗೆ ಮಾರಾಟವಾಗುತ್ತವೆ. ಎಷ್ಟೋ ಸಲ ಬೆಂಕಿ ಒಳಹೋಗುವ ಕಿಂಡಿಯನ್ನೇ ಕೊರೆಯದೆ ಕಳುಹಿಸುತ್ತಾರೆ. ಕಿಂಡಿಯಿಲ್ಲದ ನಳಿಗೆಯಲ್ಲಿ ಮದ್ದು ಹೊತ್ತುವುದಿಲ್ಲ, ನೋಟಕ್ಕೆ ಮಾತ್ರ ಯಾವ ಕೊರತೆಯೂ ಇಲ್ಲ.

ಆ ಕಾಲದ ಯುದ್ಧದ ಬೇರೆ ಕುರುಹುಗಳನ್ನು ನೋಡಿ ಕಲಿಯಲು ದೂರ ಹೋಗಬೇಕಾಗಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಜೋಡಿ ರೈಲು ಹಳಿಗೆ ಅಡ್ಡ ಬಂದಾಗ, 2017ರ ಮಾರ್ಚ್‌ನಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಒಡೆಯದೆ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಉಳಿಸಿಕೊಂಡರು. ಮುಂದೆ ಕಿತ್ತೂರಿನದೋ ಮೈಸೂರಿನದೋ ಕಥೆಯನ್ನು ಕಿರುತೆರೆಗೆ ತರುವವರು ಕ್ಯಾಮೆರಾ ಹೂಡುವ ಮುನ್ನ ಇವನ್ನು ನೋಡಿ ಬರಲಿ, ಕೋವಿ ಬಲ್ಲ ಒಬ್ಬರನ್ನು ಸೆಟ್ಟಿನಲ್ಲಿ ಇಟ್ಟುಕೊಳ್ಳಲಿ, ನಕಲು ಕೋವಿ ಮಾಡಿಕೊಟ್ಟ ಕುಶಲಕರ್ಮಿಯ ಹೆಸರನ್ನೂ ತೆರೆಯ ಮೇಲೆ ಹಾಕಲಿ.