8 ಸಾವಿರದ ಸೈಕಲ್ ಪಾರ್ಟ್ ಜಗಳೂರಿಗೆ ಬರುವಷ್ಟರಲ್ಲಿ 14 ಸಾವಿರ: ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಟ್ಯೂಬು, ಟೈರು, ಸಾದಾ ಚೈನು, ಬ್ರೇಕ್ ಶೂ ಬೇಕೆಂದರೆ ಪೇಟೆ ಬೀದಿಗೆ ಹೋದರೆ ಸಾಕು. ಕಷ್ಟ ಶುರುವಾಗುವುದು ಗೇರ್ ಸೈಕಲ್ ವಿಚಾರದಲ್ಲಿ. 11 ಸ್ಪೀಡಿನ ಡಿರೇಲರ್ ಮುರಿದರೆ, ಹೈಡ್ರಾಲಿಕ್ ಬ್ರೇಕಿನ ಲಿವರ್ ಸೋರಿದರೆ, ಫ್ರೇಮಿಗೆ ತಕ್ಕ ಹ್ಯಾಂಗರ್ ಬಾಗಿದರೆ ಮೊದಲು ದಾವಣಗೆರೆ, ಶಿವಮೊಗ್ಗ, ಆಮೇಲೆ ಬೆಂಗಳೂರು. ಅಲ್ಲೂ ಇಲ್ಲ ಅಂದರೆ ಉಳಿಯುವುದು ಹೊರದೇಶದ ಅಂಗಡಿಯೇ.

ಅಲ್ಲಿ ತೋರಿಸುವ ಬೆಲೆ ನೋಡಿ ಖುಷಿಪಟ್ಟು ಆರ್ಡರ್ ಮಾಡಿದವರು, ಪಾರ್ಸೆಲ್ ಬಂದಾಗ "ಇದೇನ್ ಸ್ವಾಮಿ ಇಷ್ಟೊಂದು?" ಅನ್ನುವುದು ಮಾಮೂಲಿ. ಎಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದರೂ ನನಗೆ ಲೆಕ್ಕದ ಚಟ ಹೋಗಿಲ್ಲ. ಹಾಗಾಗಿ ಇಡೀ ಬಿಲ್ಲನ್ನು ಬಿಡಿಬಿಡಿಯಾಗಿ ಬಿಚ್ಚಿಡುತ್ತಿದ್ದೇನೆ. ಇದರಲ್ಲಿ ಒಂದಷ್ಟನ್ನು ನಾವೇ ಉಳಿಸಬಹುದು. ಉಳಿದದ್ದನ್ನು ಇಳಿಸಬೇಕಾದದ್ದು ದೆಹಲಿ.

ಸುಂಕ ಯಾವುದರ ಮೇಲೆ?

ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಸೇರಿ ಬರುವ ಮೊತ್ತಕ್ಕೆ ಸುಂಕ ಬೀಳುತ್ತದೆ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳು ಇದನ್ನು ವಿವರಿಸುತ್ತವೆ. ವಿಮೆಯ ಲೆಕ್ಕ ಸಿಗದಿದ್ದರೆ ಬೆಲೆಯ ಶೇ. 1.125 ಅಂತ ಹಿಡಿಯುತ್ತಾರೆ.

ಇದೇ ನಿಯಮದಲ್ಲಿ ನಮಗೆ ಅನುಕೂಲವಾಗುವ ಒಂದು ಸಾಲಿದೆ. ವಿಮಾನದಲ್ಲಿ ಬಂದ ಸರಕಿಗೆ ಸಾಗಣೆ ಖರ್ಚು ಎಷ್ಟೇ ಆಗಿರಲಿ, ಸುಂಕದ ಲೆಕ್ಕಕ್ಕೆ ಸೇರಿಸುವಾಗ ಅದು ಸರಕಿನ ಬೆಲೆಯ ಶೇ. 20 ಮೀರುವಂತಿಲ್ಲ. 8,000 ರೂಪಾಯಿಯ ಪಾರ್ಟಿಗೆ ನೀವು 2,400 ಶಿಪ್ಪಿಂಗ್ ಕೊಟ್ಟಿದ್ದರೂ ಲೆಕ್ಕಕ್ಕೆ ಬರಬೇಕಾದದ್ದು 1,600 ಮಾತ್ರ. ಬಿಲ್ ಬಂದಾಗ ಇದನ್ನು ತಪ್ಪದೇ ನೋಡಿ.

8714 ಮತ್ತು 9804: ಎರಡು ಬಾಗಿಲು

ಆಮದಾಗುವ ಪ್ರತಿ ವಸ್ತುವಿಗೂ ಸುಂಕದ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ. ಇಡೀ ಸೈಕಲ್ಲಿಗೆ 8712. ಫ್ರೇಮು, ಹಬ್ಬು, ಬ್ರೇಕು, ಪೆಡಲ್ಲು ಮುಂತಾದ ಬಿಡಿಭಾಗಗಳಿಗೆ 8714. ಟೈರು 4011ರಲ್ಲಿ, ಟ್ಯೂಬು 4013ರಲ್ಲಿ.

ಆದರೆ ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸಿದ ವಸ್ತುಗಳಿಗೆ 9804 ಅನ್ನುವ ಬೇರೆಯೇ ಬಾಗಿಲಿದೆ. ಒಳಗಿರುವುದು ಡಿರೇಲರೋ ವಾಚೋ ಅನ್ನುವುದು ಇಲ್ಲಿ ಮುಖ್ಯವಲ್ಲ. ಬೇರೆ ಕಡೆ ಅದಕ್ಕೆ ಹೆಚ್ಚು ಖಚಿತವಾದ ಶೀರ್ಷಿಕೆ ಇದ್ದರೂ ಈ ಅಧ್ಯಾಯವೇ ಅನ್ವಯ ಅಂತ ಅದರ ಟಿಪ್ಪಣಿಯೇ ಹೇಳುತ್ತದೆ.

ಈ ಬಾಗಿಲಿನಲ್ಲಿ ವರ್ಷಗಟ್ಟಲೆ ಇದ್ದ ದರ ಭಯಂಕರವಾಗಿತ್ತು. ಮೂಲ ಸುಂಕ ಶೇ. 35, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, ಎಲ್ಲ ಸೇರಿದ ಮೊತ್ತದ ಮೇಲೆ ಶೇ. 28 ಐಜಿಎಸ್‌ಟಿ. ಕೂಡಿದರೆ ಶೇ. 77.28. ಈಗ ಇಳಿದಿದೆ. 2025ರ ಬಜೆಟ್ ಮೂಲ ಸುಂಕವನ್ನು ಶೇ. 20ಕ್ಕೆ ತಂದಿತು, 2026ರ ಬಜೆಟ್ ಶೇ. 10ಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ ಐಜಿಎಸ್‌ಟಿ ಶೇ. 28ರಿಂದ 18ಕ್ಕೆ ಬಂತು. ಒಟ್ಟು ಹೊರೆ ಈಗ ಹತ್ತಿರಹತ್ತಿರ ಶೇ. 30ರಿಂದ 31.

ಒಳ್ಳೆಯದೇ. ಆದರೆ ಅದೇ ಸೆಪ್ಟೆಂಬರ್ 22ರಂದು ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅಂದರೆ ಅಂಗಡಿಯವರು 8714ರ ಬಾಗಿಲಿನಿಂದ ತರಿಸಿದರೆ ಆ ಪಾರ್ಟಿಗೆ ಐಜಿಎಸ್‌ಟಿ ಶೇ. 5, ಜಗಳೂರಿನ ಹುಡುಗಿ ತನ್ನ ಸೈಕಲ್ಲಿಗೆ 9804ರಲ್ಲಿ ತರಿಸಿದರೆ ಶೇ. 18. ಸಾಲದ್ದಕ್ಕೆ, ನೋಂದಾಯಿತ ವ್ಯಾಪಾರಿ ತಾನು ಕಟ್ಟಿದ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳುತ್ತಾನೆ. ಅವಳಿಗೆ ಅದೂ ಇಲ್ಲ. ಪಾರ್ಟ್ ಒಂದೇ, ತೆರಿಗೆ ಬೇರೆ. 8714ರ ಮೂಲ ಸುಂಕ ಬೇರೆ ಇರುವುದರಿಂದ ಯಾವ ಬಾಗಿಲು ಅಗ್ಗ ಅನ್ನುವುದನ್ನು ಒಟ್ಟು ಮೊತ್ತ ನೋಡಿಯೇ ಹೇಳಬೇಕು. ಆದರೆ ಐಜಿಎಸ್‌ಟಿಯ ಈ 13 ಅಂಕಗಳ ಅಂತರಕ್ಕೆ ಸಮರ್ಥನೆ ಏನು ಅಂತ ಕೇಳಲು ಅಷ್ಟು ಕಾಯಬೇಕಿಲ್ಲ.

ಒಂದು ಲೆಕ್ಕ

ಇದು ಉದಾಹರಣೆಗೆ ಹಾಕಿದ ಲೆಕ್ಕ, ನಿಮ್ಮ ಸಂಖ್ಯೆಗಳನ್ನು ಇಟ್ಟು ನೋಡಿಕೊಳ್ಳಿ.

- ಡಿರೇಲರ್ ಬೆಲೆ: 8,000
- ವಿಮಾನ ಸಾಗಣೆ: 2,400 (ಸುಂಕದ ಲೆಕ್ಕಕ್ಕೆ 1,600)
- ವಿಮೆ, ಶೇ. 1.125ರಂತೆ: 90
- ಸುಂಕ ಬೀಳುವ ಮೌಲ್ಯ: 9,690
- ಸುಂಕ, ಐಜಿಎಸ್‌ಟಿ ಒಟ್ಟು: ಸುಮಾರು 3,000
- ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಶುಲ್ಕ 600 ಅಂದುಕೊಂಡರೆ, ಶೇ. 18 ಜಿಎಸ್‌ಟಿ ಸೇರಿ: ಸುಮಾರು 700
- ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇ. 3.5 ಮತ್ತು ಅದರ ಜಿಎಸ್‌ಟಿ: ಸುಮಾರು 430

ನಿಮ್ಮ ಜೇಬಿನಿಂದ ಹೋಗುವುದು 14,500ರ ಆಸುಪಾಸು. ಹಳೆಯ ಶೇ. 77.28ರಲ್ಲಿ ಇದೇ ಪಾರ್ಟಿಗೆ ಸುಂಕವೇ ಸುಮಾರು 7,500 ಆಗುತ್ತಿತ್ತು, ಒಟ್ಟು 19,000. ಈಗಿನ ಲೆಕ್ಕದಲ್ಲಿ ಐಜಿಎಸ್‌ಟಿ ಶೇ. 5 ಇದ್ದಿದ್ದರೆ ಇನ್ನೂ ಸುಮಾರು 1,400 ರೂಪಾಯಿ ಉಳಿಯುತ್ತಿತ್ತು.

ಸಣ್ಣ ಪಾರ್ಟಿಗೇ ದೊಡ್ಡ ಪೆಟ್ಟು

ಹ್ಯಾಂಗರ್ ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು. ಸೈಕಲ್ ಬಿದ್ದಾಗ ಫ್ರೇಮಿನ ಬದಲು ತಾನು ಬಾಗಲಿ ಅಂತಲೇ ಅದನ್ನು ಮಾಡಿರುತ್ತಾರೆ. ಫ್ರೇಮಿನಿಂದ ಫ್ರೇಮಿಗೆ ಆಕಾರ ಬೇರೆ, ಆದ್ದರಿಂದ ಇನ್ನೊಂದು ಹೊಂದುವುದಿಲ್ಲ. ಅದರ ಬೆಲೆ 1,200, ಸಾಗಣೆ 2,000 ಅಂದುಕೊಳ್ಳಿ. ಸುಂಕ ಸುಮಾರು 450, ಕೊರಿಯರ್ ಶುಲ್ಕ 700. ಒಟ್ಟು 4,350. ಇಲ್ಲಿ ಸರ್ಕಾರಕ್ಕಿಂತ ಕೊರಿಯರ್ ಕಂಪನಿ ಹೆಚ್ಚು ತೆಗೆದುಕೊಂಡಿತು. ಏಕೆಂದರೆ ಆ ಶುಲ್ಕ ಪಾರ್ಸೆಲ್ಲಿಗೆ ಇಷ್ಟು ಅಂತ ಇರುತ್ತದೆ, ಬೆಲೆಗೆ ತಕ್ಕಂತೆ ಇಳಿಯುವುದಿಲ್ಲ.

ವರ್ಷದಲ್ಲಿ ನಿಮಗೇ ಬೇಕಾಗುವ ಇಂಥ ಮೂರು ಪಾರ್ಟುಗಳನ್ನು ಒಂದೇ ಪಾರ್ಸೆಲ್ಲಿನಲ್ಲಿ ತರಿಸಿದರೆ ಒಟ್ಟು ಸುಮಾರು 7,650. ಬೇರೆ ಬೇರೆ ತರಿಸಿದರೆ 13,050. ಹಾಗಂತ ಒಂದೇ ಪಾರ್ಟಿನ ಹತ್ತು ಪೀಸ್ ತರಿಸಬೇಡಿ. ಅದು ಸ್ವಂತ ಬಳಕೆಯೋ ವ್ಯಾಪಾರವೋ ಅನ್ನುವ ಪ್ರಶ್ನೆ ಬರುತ್ತದೆ.

ತೂಕಕ್ಕಲ್ಲ, ಜಾಗಕ್ಕೆ ದುಡ್ಡು

ಕೊರಿಯರ್ ಕಂಪನಿಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತವೆ. ಬಂದ ಸಂಖ್ಯೆಯೂ ನಿಜವಾದ ತೂಕವೂ ಯಾವುದು ಹೆಚ್ಚೋ ಅದಕ್ಕೆ ದರ. 70×70×20 ಸೆಂಟಿಮೀಟರಿನ ಚಕ್ರದ ಪೆಟ್ಟಿಗೆ ಲೆಕ್ಕದಲ್ಲಿ 19.6 ಕಿಲೋ ತೂಗುತ್ತದೆ, ಒಳಗೆ ಎರಡು ಕಿಲೋ ಇದ್ದರೂ! ಹಬ್ ಹೊರದೇಶದಿಂದ ತರಿಸಿ, ರಿಮ್ಮು, ಕಡ್ಡಿ ಇಲ್ಲೇ ಕೊಂಡು ಕಟ್ಟಿಸುವುದು ಈ ಕಾರಣಕ್ಕೇ ಲಾಭ. ಚಕ್ರ ಕಟ್ಟುವ ಹಳೇ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.

ದೂರದ ಪಿನ್‌ಕೋಡ್‌ಗಳಿಗೆ ಹೆಚ್ಚುವರಿ ಶುಲ್ಕ ಹಾಕುವ ಪದ್ಧತಿಯೂ ಇದೆ. ಆರ್ಡರಿಗೆ ಮುಂಚೆ ನಿಮ್ಮ ಪಿನ್ ಹಾಕಿ ನೋಡಿ. ಹೆಚ್ಚುವರಿ ಬಂದರೆ ದಾವಣಗೆರೆ ಅಥವಾ ಶಿವಮೊಗ್ಗದ ನೆಂಟರ ವಿಳಾಸ ಕೊಡಬಹುದು. ಅಂಚೆ ನಿಧಾನ ನಿಜ, ಆದರೆ ಅದು ಎಲ್ಲ ಹಳ್ಳಿಗೂ ಬರುತ್ತದೆ.

ಗಿಫ್ಟ್ ಅಂತ ಬರೆಸಿದರೆ?

ಆ ಕಾಲ ಹೋಯಿತು. 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರಿನಲ್ಲಿ ನಿಂತಿತು. ಉಳಿದದ್ದು ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ. ಅಮೆರಿಕದಲ್ಲಿರುವ ಅಣ್ಣ ಪ್ರೀತಿಯಿಂದ ಕಳಿಸಿದ ಕ್ರ್ಯಾಂಕಿಗೂ ಸುಂಕ ಇದೆ. (ಆ ಅಮೆರಿಕವೂ 800 ಡಾಲರ್‌ವರೆಗಿನ ಪಾರ್ಸೆಲ್ಲುಗಳ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿದೆ.) ಬೆಲೆ ಕಡಿಮೆ ಬರೆಸುವುದು ಇನ್ನೂ ಕೆಟ್ಟ ಉಪಾಯ. ಸಿಕ್ಕಿಬಿದ್ದರೆ ಮಾಲು ಮುಟ್ಟುಗೋಲು, ದಂಡ ಎರಡಕ್ಕೂ ಕಾನೂನಿನಲ್ಲಿ ಅವಕಾಶ ಇದೆ.

ಆರ್ಡರ್ ಮಾಡುವ ಮುನ್ನ, ಬಂದ ಮೇಲೆ

- ಬೆಲೆಯಲ್ಲಿ ಸುಂಕ ಸೇರಿದೆಯಾ, ಬಾಗಿಲಲ್ಲಿ ಕಟ್ಟಬೇಕಾ ಅಂತ ಮಾರುವವರನ್ನು ಕೇಳಿ.
- ಅಂಗಡಿಯ ಬಿಲ್, ಹಣ ಕಟ್ಟಿದ ರಸೀದಿ, ಗುರುತಿನ ದಾಖಲೆ ಸಿದ್ಧ ಇರಲಿ. ಸ್ವಂತ ಬಳಕೆಗೆ ಆಮದು ಪರವಾನಗಿ ಸಂಖ್ಯೆ ಬೇಕಿಲ್ಲ.
- ರೂಪಾಯಿ ಲೆಕ್ಕಕ್ಕೆ ಕಸ್ಟಮ್ಸ್ ಪ್ರಕಟಿಸುವ ವಿನಿಮಯ ದರ ಅನ್ವಯ, ನಿಮ್ಮ ಬ್ಯಾಂಕಿನದ್ದಲ್ಲ.
- ಸುಂಕದ ಬಿಲ್ಲಿನ ಪ್ರತಿ ಕೇಳಿ ತೆಗೆದುಕೊಳ್ಳಿ. ಯಾವ ಶೀರ್ಷಿಕೆ, ಯಾವ ದರ, ಸಾಗಣೆ ಎಷ್ಟು ಹಿಡಿದಿದ್ದಾರೆ ನೋಡಿ.
- ಲೆಕ್ಕ ತಪ್ಪಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ 60 ದಿನದೊಳಗೆ ಮೇಲ್ಮನವಿ ಹಾಕಬಹುದು.
- ತಪ್ಪು ಪಾರ್ಟ್ ಬಂದು, ಬಳಸದೇ ವಾಪಸ್ ಕಳಿಸಿದರೆ 74ನೇ ಸೆಕ್ಷನ್‌ನಲ್ಲಿ ಸುಂಕದ ಶೇ. 98 ಹಿಂದಕ್ಕೆ ಕೇಳಬಹುದು. ಕಾಗದಪತ್ರದ ಓಡಾಟ ಜಾಸ್ತಿ, ಆದ್ದರಿಂದ ದುಬಾರಿ ಪಾರ್ಟಿಗಷ್ಟೇ ಲಾಭ.

ಇದು ಶೋಕಿಯ ಪ್ರಶ್ನೆಯಾ?

"ಹೊರದೇಶದ ಪಾರ್ಟ್ ಬೇಕು ಅನ್ನುವವರು ತೆರಿಗೆ ಕಟ್ಟಲಿ ಬಿಡ್ರಿ" ಅನ್ನುವ ಮಾತನ್ನು ನಾನೂ ಕೇಳಿದ್ದೇನೆ. ಲೂಧಿಯಾನದ ಕಾರ್ಖಾನೆಗಳನ್ನು ಕಾಪಾಡಲು ಸುಂಕ ಬೇಕು ಅನ್ನುವ ವಾದದಲ್ಲಿ ಹುರುಳಿದೆ. ಆ ಕೆಲಸಕ್ಕೆ ಮೂಲ ಸುಂಕ ಇದೆ. ಐಜಿಎಸ್‌ಟಿ ಇರುವುದು ಇಲ್ಲಿ ಕೊಂಡರೂ ಅಲ್ಲಿಂದ ತಂದರೂ ತೆರಿಗೆ ಒಂದೇ ಆಗಿರಲಿ ಅಂತ. ಇಲ್ಲಿ ಶೇ. 5, ಅಲ್ಲಿಂದ ತಂದರೆ ಶೇ. 18 ಆದರೆ ಆ ಉದ್ದೇಶವೇ ಮುರಿಯಿತು.

ವಿಜಯಪುರ, ಬಾಗಲಕೋಟೆಯ ಹಳ್ಳಿ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ರೇಸುಗಳಲ್ಲಿ ಕರ್ನಾಟಕದ ಹೆಸರು ಉಳಿಸಿದ್ದಾರೆ. ಕ್ರೀಡಾ ಒಕ್ಕೂಟಗಳಿಗೆ, ಅಗ್ರ ಕ್ರೀಡಾಪಟುಗಳಿಗೆ ಸುಂಕ ವಿನಾಯಿತಿ ಕೊಡುವ ಅಧಿಸೂಚನೆ 1994ರಲ್ಲೇ ಬಂದಿದೆ. ಆದರೆ ಅಗ್ರಸ್ಥಾನಕ್ಕೆ ಇನ್ನೂ ಏರುತ್ತಿರುವ ಹುಡುಗಿಗೆ ಅದು ಎಟುಕುವುದಿಲ್ಲ. ಇದೇ ರಾಜ್ಯ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿ, ಕೋವಿಡ್ ಕಾಲದಲ್ಲಿ ನಿಲ್ಲಿಸಿತು. ಸೈಕಲ್ ಅಂದರೆ ಶಾಲೆಗೆ ಹೋಗುವ ದಾರಿ ಅಂತ ಸರ್ಕಾರಕ್ಕೆ ಒಮ್ಮೆ ಗೊತ್ತಿತ್ತು.

ಕೇಳಬೇಕಾದದ್ದು ದೊಡ್ಡದೇನಲ್ಲ. ಸ್ವಂತ ಬಳಕೆಗೆ ತರಿಸುವ ಸೈಕಲ್ ಬಿಡಿಭಾಗಕ್ಕೂ ಐಜಿಎಸ್‌ಟಿ ಶೇ. 5 ಇರಲಿ. ಔಷಧಿಗಳಿಗೆ ಇದೇ 9804ರ ಒಳಗೆ ಬೇರೆ ದರ ಇಟ್ಟಿರುವಾಗ ಸೈಕಲ್ಲಿಗೆ ಆಗದು ಅನ್ನಲು ಕಾರಣವಿಲ್ಲ. ಇದನ್ನು ನಿರ್ಧರಿಸುವ ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ. ನಾಲ್ಕೂರಿನ ಸೈಕಲ್ ಸವಾರರು ತಮ್ಮ ತಮ್ಮ ಸುಂಕದ ಬಿಲ್ಲಿನ ಪ್ರತಿಯನ್ನು ಲಗತ್ತಿಸಿ ಸಂಸದರಿಗೂ ರಾಜ್ಯದ ಹಣಕಾಸು ಇಲಾಖೆಗೂ ಒಂದೊಂದು ಪತ್ರ ಬರೆದರೆ, ಅದಕ್ಕೆ ಬೇಕಾಗುವುದು ಅಂಚೆ ಚೀಟಿಯ ಖರ್ಚಷ್ಟೇ.